ಗಾಳಿ ಕೊಳವೆಯೋ, ಬೆಲ್ಟೋ, ಸುರಂಗದ ರೈಲೋ?

ಒಂದೇ ಸರಕು, ಒಂದೇ ದಾರಿ, ಹಗಲೂ ರಾತ್ರಿ ಸಾಗುತ್ತಲೇ ಇರಬೇಕಾ? ಹಾಗಾದರೆ ಗಾಳಿಯಿಂದ ಡಬ್ಬಿ ತಳ್ಳುವ ಕೊಳವೆ ಸರಿಹೊಂದುತ್ತದೆ. ಜಪಾನಿನಲ್ಲಿ ಸುಮಿಟೊಮೊ ಕಂಪನಿ 1983ರಲ್ಲಿ ಶುರು ಮಾಡಿದ್ದು ಇಂಥದ್ದೇ: ಸುಮಾರು 3.2 ಕಿ.ಮೀ. ಉದ್ದ, ಒಂದು ಮೀಟರ್ ಅಗಲದ ಕೊಳವೆ, ಒಳಗೆ ಚಕ್ರದ ಡಬ್ಬಿಗಳು, ಗಣಿಯಿಂದ ಸಿಮೆಂಟ್ ಕಾರ್ಖಾನೆಗೆ ಸುಣ್ಣದಕಲ್ಲು.

ದೂರ ಕಡಿಮೆ, ಮಧ್ಯೆ ರಸ್ತೆ, ಮನೆ ಏನೂ ಇಲ್ಲ ಅಂದರೆ ಸುಮ್ನೆ ಕನ್ವೇಯರ್ ಬೆಲ್ಟ್ ಹಾಕಿ. ಧೂಳು ಏಳುತ್ತದೆ, ಅಷ್ಟೇ.

ಕೊಳವೆಯ ನಿಜವಾದ ತಲೆನೋವು ಗಾಳಿ ಊದುವ ಫ್ಯಾನ್. ಡಬ್ಬಿ ಅದರೊಳಗಿಂದ ನುಗ್ಗಿ ಹೋಗಲು ಆಗುವುದಿಲ್ಲ ಅಲ್ವಾ? ಅದಕ್ಕೇ ಫ್ಯಾನನ್ನು ಪಕ್ಕಕ್ಕಿಟ್ಟು, ಡಬ್ಬಿ ಬರುವಾಗ ತೆರೆದು ಗಾಳಿ ಸೋರುವ ಮುಂಚೆ ಮುಚ್ಚುವ ಬಾಗಿಲುಗಳನ್ನು ಕೂರಿಸಬೇಕು. ದೂರ ಹೆಚ್ಚಿದಷ್ಟೂ ಈ ಕಾಟ ಜಾಸ್ತಿ. ಗಾಳಿಯ ಬದಲು ಲೀನಿಯರ್ ಮೋಟರ್ (ಅಯಸ್ಕಾಂತ ಬಲದಿಂದ ಡಬ್ಬಿಯನ್ನು ನೇರವಾಗಿ ಮುಂದೆ ತಳ್ಳುವ ವಿದ್ಯುತ್ ಮೋಟರ್) ಇಟ್ಟರೆ ಇದು ತಪ್ಪುತ್ತದೆ, ಖರ್ಚು ಮಾತ್ರ ತಪ್ಪಲ್ಲ. ಖಾಲಿ ಡಬ್ಬಿ ವಾಪಸ್ ಬರುವ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಡುವೆ ನಾಲ್ಕಾರು ಕಡೆ ಇಳಿಸಿ ಹತ್ತಿಸಬೇಕಾ? ನನ್ನ ಮತ ವಿದ್ಯುತ್ ರೈಲಿಗೆ. ಲಂಡನ್ನಿನಲ್ಲಿ 1863ರಲ್ಲಿ ಶುರುವಾದ ಗಾಳಿ ಕೊಳವೆ ಸೇವೆ 1874ಕ್ಕೇ ನಿಂತಿತು. ಅದೇ ಊರಿನ ಚಾಲಕನಿಲ್ಲದ ಅಂಚೆ ರೈಲು 1927ರಿಂದ 2003ರವರೆಗೆ ನೆಲದಡಿ ಓಡಿತು.