ಎಆರ್ ಕನ್ನಡಕ ತೋರಿಸಲು ಬಂದವರು ಕಿಟಕಿ ಮುಚ್ಚಿ ಅಂದರೆ ಹುಷಾರು

ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೊಯಿಡಾ ಕಡೆ ಹೋಮ್‌ಸ್ಟೇ ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗೋಕರ್ಣ, ಕಾರವಾರದ ರೆಸಾರ್ಟಿನವರೂ ಓದಿ. ಬೆಂಗಳೂರಿನ ಒಂದು ಆಗ್ಮೆಂಟೆಡ್ ರಿಯಾಲಿಟಿ (ಎಆರ್) ಕಂಪನಿಯವರು ನಮ್ಮ ಜಿಲ್ಲೆಯಲ್ಲಿ ಓಡಾಡುತ್ತಿದ್ದಾರೆ. ಎಆರ್ ಅಂದರೆ ಫೋನಿನಲ್ಲೋ ಕನ್ನಡಕದಲ್ಲೋ ನೋಡಿದರೆ ಇಲ್ಲದ ವಸ್ತು ನಮ್ಮ ಎದುರಿನ ಜಾಗದಲ್ಲೇ ಇದ್ದ ಹಾಗೆ ತೋರಿಸುವುದು. ಹೆಸರು ಬರೆಯುವುದಿಲ್ಲ, ವಕೀಲರು ಬೇಡ ಅಂದಿದ್ದಾರೆ. ಆದರೆ ಅವರು ಹೇಗೆ ಮಾತಾಡುತ್ತಾರೆ ಅಂತ ಬರೆಯುತ್ತೇನೆ. ನಿಮ್ಮ ಮನೆಗೆ ಬಂದರೆ ನಿಮಗೇ ಗೊತ್ತಾಗುತ್ತದೆ.

ನಮ್ಮ ಹೋಮ್‌ಸ್ಟೇಗೆ ಅವರ ಎಆರ್ ಆ್ಯಪ್ ಹಾಕಿಸಲು ಹೋಗಿ ನನ್ನ 1 ಲಕ್ಷ 80 ಸಾವಿರ ರೂಪಾಯಿ ಹೋಗಿದೆ. ಅದರ ಮೇಲೆ 18% ಜಿಎಸ್‌ಟಿ ಬೇರೆ. ಟೋಪಿ ಹಾಕಿಸಿಕೊಂಡಿದ್ದಕ್ಕೂ ತೆರಿಗೆ ಕಟ್ಟಿದ್ದೇನೆ, ಪಕ್ಕಾ ಬಿಲ್ ಇದೆ.

ಶಿರಸಿಯ ಒಂದು ಹೋಟೆಲ್ ಹಾಲಿಗೆ ಹೋಮ್‌ಸ್ಟೇ ಮಾಲೀಕರನ್ನೆಲ್ಲ ಕರೆದಿದ್ದರು. ಊಟ ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಊಟದ ಮೊದಲು ದೊಡ್ಡ ಪರದೆಯ ಮೇಲೆ ಒಂದು ವಿಡಿಯೊ ಹಾಕಿದರು. ಹಂಚಿನ ಮನೆ, ಅಂಗಳ, ಅಂಗಳದಲ್ಲಿ ಒಂದು ಹುಡುಗಿ ಫೋನ್ ಎತ್ತಿ ಹಿಡಿಯುತ್ತಾಳೆ. ಕೇದಗೆ ಮುಂದಲೆ ಕಟ್ಟಿದ ಯಕ್ಷಗಾನದ ವೇಷಧಾರಿ ಬಂದು ಅಂಗಳದಲ್ಲೇ ಕುಣಿಯುತ್ತಾನೆ. ಅವನ ನೆರಳು ನೆಲದ ಮೇಲೆ ಬೀಳುತ್ತದೆ. ಅವನು ತುಳಸಿಕಟ್ಟೆಯ ಹಿಂದೆ ಹೋದರೆ ಕಟ್ಟೆ ಅವನನ್ನು ಮರೆ ಮಾಡುತ್ತದೆ. ತೋಟಕ್ಕೆ ಫೋನ್ ತಿರುಗಿಸಿದರೆ ಕಾಳುಮೆಣಸಿನ ಬಳ್ಳಿ ಪಕ್ಕದಲ್ಲಿ ‘ಪಣಿಯೂರು’ ಅಂತ ಮೆಣಸಿನ ತಳಿಯ ಹೆಸರು ಮೂಡುತ್ತದೆ. ಕೊನೆಗೆ ಕಾರವಾರದ ಟ್ಯಾಗೋರ್ ಕಡಲತೀರ, ಚಪಲ್ ಯುದ್ಧನೌಕೆ ಮ್ಯೂಸಿಯಂ, ಅದರ ಆಚೆ ಸಮುದ್ರದಿಂದ ಒಂದು ತಿಮಿಂಗಿಲ ನೆಗೆಯುತ್ತದೆ. ಹಾಲಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದೆವು. ಆ ತಿಮಿಂಗಿಲದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಂಬುವುದಕ್ಕೆ ಕಾರಣ ಇತ್ತು. ಲಾಕ್‌ಡೌನಿನಲ್ಲಿ ಗೂಗಲ್‌ನಲ್ಲಿ ಹುಲಿ ಅಂತ ಹುಡುಕಿದರೆ ನಮ್ಮ ಜಗಲಿಯ ಮೇಲೇ ಹುಲಿ ಬಂದು ನಿಲ್ಲುತ್ತಿತ್ತು. ಮಕ್ಕಳು ಅದರ ಪಕ್ಕ ಕೂತು ಫೋಟೊ ತೆಗೆಸಿಕೊಂಡಿದ್ದರು. ಪುಕ್ಕಟೆ ಬರುವ ಹುಲಿಯೇ ಅಷ್ಟು ಚಂದ ಬರುವಾಗ ದುಡ್ಡು ಕೊಟ್ಟರೆ ವೇಷ ಬರುವುದಿಲ್ಲವಾ?

ವಿಡಿಯೊ ಆದ ಮೇಲೆ ಕನ್ನಡಕ ತೆಗೆದರು. ಮುಂದಿನ ಸೀಸನ್‌ಗೆ ಅತಿಥಿಗಳಿಗೆ ಫೋನ್ ಬೇಡ, ಇದನ್ನೇ ಕೊಡಬಹುದು ಅಂದರು. ಹಾಕಿಸುವ ಮೊದಲು ಒಬ್ಬ ಹುಡುಗ ಎದ್ದು ಹೋಗಿ ಕಿಟಕಿ ಪರದೆ ಎಲ್ಲ ಎಳೆದ. ಲೈಟ್ ಆರಿಸಿದ. ನೋಡಿ, ಇಲ್ಲೇ ಎಲ್ಲ ಇದೆ. ಈ ಕನ್ನಡಕ ಗಾಜಿನ ಮೇಲೆ ಬೆಳಕು ಸೇರಿಸಬಲ್ಲದು, ಅಷ್ಟೇ. ಹೊರಗಿನ ಬೆಳಕನ್ನು ತಡೆಯಲಾರದು. ಬಿಸಿಲಿಗೆ ಬಂದರೆ ಚಿತ್ರ ತೊಳೆದು ಹೋಗುತ್ತದೆ. ಕಪ್ಪು ಬಣ್ಣ ಅದಕ್ಕೆ ಬರುವುದೇ ಇಲ್ಲ, ಕಪ್ಪು ಇರಬೇಕಾದ ಕಡೆ ಹಿಂದಿನ ಸಾಮಾನು ಕಾಣುತ್ತದೆ. ನನಗೆ ವೇಷಧಾರಿಯ ಮೀಸೆ ಇರಬೇಕಾದ ಜಾಗದಲ್ಲಿ ಮೇಜಿನ ಮೇಲಿದ್ದ ನೀರಿನ ಬಾಟಲಿ ಕಂಡಿತು. ತಲೆ ಸ್ವಲ್ಪ ತಿರುಗಿಸಿದರೆ ವೇಷ ಸೊಂಟದ ಹತ್ತಿರ ಕತ್ತರಿಸಿ ಹೋಗುತ್ತಿತ್ತು, ಚಿತ್ರ ಕಾಣುವ ಚೌಕ ಅಷ್ಟು ಚಿಕ್ಕದು.

ಕೇಳಿದೆ. ಸುಮ್ನೆ ಕೂತಿರಲಿಲ್ಲ. “ಇದು ಡೆವಲಪರ್ ಪೀಸ್ ಸಾರ್, ಮುಂದಿನ ವರ್ಷನ್ನಿನಲ್ಲಿ ಇದೆಲ್ಲ ಸರಿ ಆಗುತ್ತೆ” ಅಂದ. ಪಕ್ಕದಲ್ಲಿದ್ದ ಕೋಟು ಹಾಕಿದವನು ಫಂಡಿಂಗ್ ಕಥೆ ಶುರು ಮಾಡಿದ. ಇಂಥ ದೇಶದ ಇಂಥ ಇನ್ವೆಸ್ಟರ್, ಇಷ್ಟು ಕೋಟಿ. “ಅಷ್ಟು ದುಡ್ಡು ಹಾಕುವವರು ನೋಡದೇ ಹಾಕ್ತಾರಾ ಹೆಗಡೆ ಸಾರ್?” ಆಮೇಲೆ ಕೊನೆಯ ಬಾಣ: “ತಾಲೂಕಿಗೆ ಒಬ್ಬರಿಗೆ ಮಾತ್ರ ಕೊಡ್ತೇವೆ.” ಶಿರಸಿ ತಾಲೂಕಿಗೆ ನಾನೊಬ್ಬನೇ ಅಂತ ಸಹಿ ಹಾಕಿಸಿಕೊಂಡರು. ನಮ್ಮ ತಾಲೂಕಿನಲ್ಲೇ ಇನ್ನೊಬ್ಬರಿಗೂ ಅದೇ ವಾರ ಅದೇ ಮಾತು ಹೇಳಿ ಸಹಿ ಹಾಕಿಸಿದ್ದಾರೆ ಅಂತ ಆಮೇಲೆ ತಿಳಿಯಿತು. ಅವರೂ ‘ನಾನೊಬ್ಬನೇ’ ಅಂದುಕೊಂಡು ನನಗೆ ಹೇಳಿರಲಿಲ್ಲ.

ಇನ್‌ಸ್ಟಾಲೇಷನ್‌ಗೆ ಇಬ್ಬರು ಹುಡುಗರು ಬಂದರು. ಪಾಪ, ಒಳ್ಳೆಯ ಹುಡುಗರು, ತೋಟಕ್ಕೆ ಚಪ್ಪಲಿ ಹಾಕಿಕೊಂಡು ಇಳಿದು ಜಾರಿ ಬಿದ್ದರು, ಇಂಬಳ ಹತ್ತಿಸಿಕೊಂಡರು. ಆ್ಯಪ್ ಗುರುತು ಹಿಡಿಯಲಿ ಅಂತ ಅಲ್ಲಲ್ಲಿ ಚಿತ್ರದ ಬೋರ್ಡು ನೆಟ್ಟರು, ಫೋಟೊ ತೆಗೆದುಕೊಂಡು ಹೋದರು.

ಆಮೇಲೆ ಶುರುವಾಯಿತು. ಆ್ಯಪ್ ಡೌನ್‌ಲೋಡ್ ಮಾಡಲು ನಮ್ಮಲ್ಲಿ ಸಿಗ್ನಲ್ ಎಲ್ಲಿದೆ? ಮೇಲಿನ ರಸ್ತೆಯ ತಿರುವಿನಲ್ಲಿ ನಿಂತರೆ ಸಿಗುತ್ತದೆ. ಅತಿಥಿಗಳು ಅಲ್ಲಿಗೆ ಹತ್ತಿ ಹೋಗಿ ಡೌನ್‌ಲೋಡ್ ಮಾಡಿಕೊಂಡು ಇಳಿದು ಬರಬೇಕು. ಬಂದವರಲ್ಲಿ ಎಷ್ಟೋ ಜನರ ಫೋನಿಗೆ ‘ಈ ಸಾಧನದಲ್ಲಿ ಕೆಲಸ ಮಾಡುವುದಿಲ್ಲ’ ಅಂತ ಬರುತ್ತಿತ್ತು. ಆಂಡ್ರಾಯ್ಡ್ ಫೋನುಗಳಲ್ಲಿ ಎಆರ್‌ಗೆ ಗೂಗಲ್‌ನ ಎಆರ್‌ಕೋರ್ ಅನ್ನುವುದು ಬೇಕು, ಅದು ಎಲ್ಲ ಫೋನಿಗೂ ಇಲ್ಲ. ಇದನ್ನು ಹಾಲಿನಲ್ಲಿ ಯಾರೂ ಹೇಳಲಿಲ್ಲ.

ಕೆಲಸ ಮಾಡಿದ ಫೋನುಗಳ ಕಥೆ ಇನ್ನೂ ಚಂದ. ಫೋನು ಕ್ಯಾಮೆರಾದಲ್ಲಿ ಕಾಣುವ ಸಣ್ಣ ಸಣ್ಣ ಗುರುತುಗಳನ್ನು ಹಿಡಿದುಕೊಂಡು, ಫೋನ್ ಹೇಗೆ ಅಲುಗಾಡುತ್ತಿದೆ ಅಂತ ಸೆನ್ಸರ್‌ನಿಂದ ತಿಳಿದು, ಜಾಗವನ್ನು ಲೆಕ್ಕ ಹಾಕುತ್ತದಂತೆ. ಜಗಲಿಯಲ್ಲಿ ಅದು ಸುಲಭ. ಸಮ ನೆಲ, ಒಳ್ಳೆ ಬೆಳಕು, ಕುರ್ಚಿ, ಚಾಪೆ. ಅಡಿಕೆ ತೋಟದಲ್ಲಿ? ಎಲ್ಲ ಮರವೂ ಒಂದೇ ಥರ. ಗಾಳಿ ಬಂದರೆ ಬಿಸಿಲಿನ ಚುಕ್ಕೆಗಳೆಲ್ಲ ನೆಲದ ಮೇಲೆ ಓಡಾಡುತ್ತವೆ. ಸೋಗೆ ಅಲ್ಲಾಡುತ್ತದೆ. ಸೊಪ್ಪಿನ ಮೇಲೆ ನೆಲ ಎಲ್ಲಿದೆ ಅಂತಲೇ ಫೋನಿಗೆ ಗೊತ್ತಾಗುವುದಿಲ್ಲ. ಮರದ ಅಡಿಯಲ್ಲಿ ಜಿಪಿಎಸ್ ಕೂಡ ಹಲವು ಮೀಟರ್ ಆಚೀಚೆ ಹೋಗುತ್ತದೆ. ಅಡಿಕೆ ಸಸಿಗೆ ‘ಪಣಿಯೂರು’ ಅಂತ ಹೆಸರು ಬಂತು. ಬಾಳೆಗೆ ‘ಏಲಕ್ಕಿ’ ಅಂತ ಬಂತು.

ವೇಷಧಾರಿ? ಹುಬ್ಬಳ್ಳಿಯ ಒಂದು ಕುಟುಂಬ ಬಂದಿತ್ತು. ನಾನೇ ಉತ್ಸಾಹದಿಂದ ಎಲ್ಲರನ್ನೂ ಅಂಗಳಕ್ಕೆ ಕರೆದೆ. ವೇಷ ಬಂತು, ಮೊಣಕಾಲಿನ ತನಕ ನೆಲದೊಳಗೆ ಹುಗಿದುಕೊಂಡು ಬಂತು. ಕುಣಿಯುತ್ತಾ ಕುಣಿಯುತ್ತಾ ಪಕ್ಕಕ್ಕೆ ಜಾರಿ ಕೊಟ್ಟಿಗೆ ಗೋಡೆಯೊಳಗೆ ಹೋಯಿತು. ಅಲ್ಲಿಂದ ಬರಲೇ ಇಲ್ಲ, ಚಂಡೆ ಸದ್ದು ಮಾತ್ರ ಫೋನಿನಲ್ಲಿ ಬರುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಪ್ಪಯ್ಯ ಜಗಲಿಯಿಂದ ನೋಡುತ್ತಿದ್ದವರು, “ಎಂತದೋ ತಮಾ ಇದು, ಇದ್ಕೆ ಕೊಟ್ಟ ದುಡ್ಡಲ್ಲಿ ಮೇಳಾನೇ ಕರೆಸ್ಲಾಗಿತ್ತು” ಅಂದರು. ಅತಿಥಿಗಳ ಎದುರೇ ಅಂದರು. ಈಗ ಶಿರಸಿ ಪೇಟೆಗೆ ಹೋದರೆ ಪರಿಚಯದವರು “ಹೆಗಡೇರೆ, ವೇಷ ಕೊಟ್ಟಿಗೆಯಿಂದ ಹೊರಗೆ ಬಂತಾ?” ಅಂತ ಕೇಳುತ್ತಾರೆ. ನಗಬೇಕಾ ಅಳಬೇಕಾ?

ಅವರ ಉತ್ತರಗಳನ್ನು ವಾಟ್ಸಾಪಿನಲ್ಲಿ ಹಾಗೇ ಇಟ್ಟುಕೊಂಡಿದ್ದೇನೆ.

ಮೊದಲು: “ಸಾರ್, ನಿಮ್ಮಲ್ಲಿ ಲೈಟಿಂಗ್ ಕಂಡೀಷನ್ ಸರಿ ಇಲ್ಲ.” ತೋಟಕ್ಕೆ ಲೈಟಿಂಗ್ ಯಾರು ಮಾಡಿಸುತ್ತಾರೆ ಮಾರಾಯ್ರೆ?

ಆಮೇಲೆ: “ಸಾರ್, ಅತಿಥಿಗಳಿಗೆ ಹೈ ಎಂಡ್ ಫೋನ್ ಬಳಸಲು ಹೇಳಿ.” ಅಂದರೆ ರೂಮು ಕೊಡುವ ಮೊದಲು ಫೋನ್ ಯಾವುದು ಅಂತ ಕೇಳಬೇಕು.

ಮಳೆಗಾಲದಲ್ಲಿ ಬೋರ್ಡಿಗೆ ಪಾಚಿ ಹಿಡಿಯಿತು. ಪಾಚಿ ಹಿಡಿದ ಚಿತ್ರವನ್ನು ಆ್ಯಪ್ ಗುರುತಿಸುವುದಿಲ್ಲ. “ಸಾರ್, ಮೇಂಟೆನೆನ್ಸ್ ಕ್ಲೈಂಟ್ ಜವಾಬ್ದಾರಿ, ಅಗ್ರಿಮೆಂಟಿನಲ್ಲಿ ಇದೆ.”

ಕೊನೆಗೆ ಸಿಟ್ಟು ಬಂದು ಕೇಳಿದೆ: ಹಾಗಾದರೆ ನಿಮ್ಮ ವಿಡಿಯೊದಲ್ಲಿ ಹೇಗೆ ಬಂತು? ಅಲ್ಲೂ ತೋಟ ಇತ್ತಲ್ಲ, ಅಂಗಳ ಇತ್ತಲ್ಲ, ನೆರಳು ಬಿತ್ತಲ್ಲ?

“ಸಾರ್, ಅದು ಕಾನ್ಸೆಪ್ಟ್ ವಿಡಿಯೊ.”

ಅರ್ಥ ಆಗಲಿಲ್ಲ. ಕಾನ್ಸೆಪ್ಟ್ ಅಂದರೆ? ಫೋನಿನಲ್ಲಿ ತೆಗೆದಿದ್ದಲ್ವಾ?

“ಇಲ್ಲ ಸಾರ್, ಸ್ಟುಡಿಯೋದಲ್ಲಿ ಎಡಿಟ್ ಮಾಡಿದ್ದು. ಇಂಡಸ್ಟ್ರಿಯಲ್ಲಿ ಎಲ್ಲರೂ ಹಾಗೇ ಮಾಡ್ತಾರೆ.”

ಎಷ್ಟು ಸಲೀಸಾಗಿ ಹೇಳಿದ ನೋಡಿ. ನಾಚಿಕೆ ಇಲ್ಲ, ತಡವರಿಕೆ ಇಲ್ಲ. ಹಾಲಿನಲ್ಲಿ ನಾವು ಚಪ್ಪಾಳೆ ತಟ್ಟಿದ್ದು ಸಿನಿಮಾಕ್ಕೆ. ದುಡ್ಡು ಕೊಟ್ಟಿದ್ದು ಸಿನಿಮಾ ನೋಡಿ. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿಯ ಮಗ ಇದನ್ನು ಕೇಳಿ, “ಮಾವಯ್ಯಾ, ಇದು ಹಳೇ ಕಥೆ” ಅಂದ. ಇಂಡಸ್ಟ್ರಿಯಲ್ಲಿ ಎಲ್ಲರೂ ಹಾಗೇ ಮಾಡ್ತಾರೆ ಅಂದಿದ್ದು ಪೂರ್ತಿ ಸುಳ್ಳಲ್ಲವಂತೆ. ಅಮೆರಿಕದ ಫ್ಲಾರಿಡಾದಲ್ಲಿ ಮ್ಯಾಜಿಕ್ ಲೀಪ್ ಅಂತ ಒಂದು ಎಆರ್ ಕನ್ನಡಕದ ಕಂಪನಿ. 2014ರಲ್ಲಿ ಗೂಗಲ್ ಮುಂದಾಳತ್ವದಲ್ಲಿ 54 ಕೋಟಿ ಡಾಲರ್ ಬಂತು, ಆಮೇಲೆ ಅಲಿಬಾಬಾ, ಸೌದಿ ಸರಕಾರದ ನಿಧಿ ಎಲ್ಲ ಸೇರಿ 200 ಕೋಟಿ ಡಾಲರ್ ದಾಟಿತು. ಮಾರಲು ಒಂದು ಸಾಮಾನು ಇರಲಿಲ್ಲ, ಆಗಲೇ ಇಷ್ಟು ದುಡ್ಡು! ಅವರ ಪ್ರಸಿದ್ಧ ವಿಡಿಯೊ ಯಾವುದು ಗೊತ್ತಾ? ಶಾಲೆಯ ಜಿಮ್ ನೆಲದಿಂದ ನೆಗೆಯುವ ತಿಮಿಂಗಿಲ. ನಮ್ಮವರು ತಿಮಿಂಗಿಲವನ್ನೂ ಕದ್ದು ತಂದು ಕಾರವಾರದ ಸಮುದ್ರಕ್ಕೆ ಬಿಟ್ಟಿದ್ದಾರೆ! 2015ರಲ್ಲಿ ಅವರು ಕಚೇರಿಯೊಳಗೆ ರೋಬೋಟ್‌ಗಳ ಮೇಲೆ ಗುಂಡು ಹಾರಿಸುವ ಆಟದ ವಿಡಿಯೊ ಬಿಟ್ಟಿದ್ದರು. ಅದನ್ನು ಮಾಡಿದ್ದು ನ್ಯೂಜಿಲೆಂಡಿನ ವೇಟಾ ವರ್ಕ್‌ಶಾಪ್ ಅನ್ನುವ ಸಿನಿಮಾ ಎಫೆಕ್ಟ್ ಸಂಸ್ಥೆ ಅಂತ 2016ರ ಕೊನೆಗೆ ವರದಿ ಬಂತು. 2018ರಲ್ಲಿ ಕನ್ನಡಕ ಮಾರಾಟಕ್ಕೆ ಬಂದಾಗ ಬೆಲೆ 2,295 ಡಾಲರ್. ಒಂದು ಲಕ್ಷ ಮಾರುವ ಗುರಿ ಇದ್ದದ್ದು, ಆರು ತಿಂಗಳಲ್ಲಿ 6 ಸಾವಿರದಷ್ಟೇ ಹೋಯಿತು ಅಂತ ಪತ್ರಿಕೆಗಳು ಬರೆದವು. 2020ರ ಏಪ್ರಿಲ್‌ನಲ್ಲಿ ಸುಮಾರು ಅರ್ಧದಷ್ಟು ಕೆಲಸಗಾರರನ್ನು ತೆಗೆದರು.

ಅದೊಂದೇ ಅಲ್ಲ. ಕಾರ್ಖಾನೆ ಕೆಲಸಗಾರರಿಗೆ ಎಆರ್ ಹೆಲ್ಮೆಟ್ ಮಾಡುತ್ತೇವೆ ಅಂದ ಡಾಕ್ರಿ 2019ರಲ್ಲಿ ಬಾಗಿಲು ಹಾಕಿತು. ಒಡಿಜಿ ಅನ್ನುವ ಕನ್ನಡಕದ ಕಂಪನಿಯೂ ಅದೇ ವರ್ಷ ಮುಗಿಯಿತು. ಮೆಟಾ ಅಂತ ಇನ್ನೊಂದು ಇತ್ತು, ಫೇಸ್‌ಬುಕ್‌ನವರದಲ್ಲ, ಅದರ ಆಸ್ತಿಯನ್ನು ಬ್ಯಾಂಕ್ ಹಿಡಿದುಕೊಂಡಿತು. ಲಂಡನ್ನಿನ ಬ್ಲಿಪ್ಪಾರ್, ಸಾಸ್ ಬಾಟಲಿಗೆ ಫೋನ್ ಹಿಡಿದರೆ ಅಡುಗೆ ರೆಸಿಪಿ ತೋರಿಸುತ್ತಿದ್ದ ಕಂಪನಿ, 2018ರ ಡಿಸೆಂಬರ್‌ನಲ್ಲಿ ದಿವಾಳಿಯ ದಾರಿ ಹಿಡಿಯಿತು. ಎಲ್ಲದಕ್ಕೂ ಇನ್ವೆಸ್ಟರ್ ಇದ್ದರು. ಎಲ್ಲರೂ ‘ನೋಡಿಯೇ’ ದುಡ್ಡು ಹಾಕಿದ್ದರು, ಅಲ್ವಾ ಕೋಟಿನವರೇ?

ದೊಡ್ಡವರ ದುಡ್ಡು ಮುಳುಗಿದರೆ ನನಗೇನು. ನನ್ನ ಸಂಕಟ ಕೊಂಡವರದ್ದು. ಮ್ಯಾಜಿಕ್ ಲೀಪ್‌ನ ಮೊದಲ ಕನ್ನಡಕಕ್ಕೆ 2024ರ ಡಿಸೆಂಬರ್ 31ಕ್ಕೆ ಸರ್ವರ್ ಬೆಂಬಲ ನಿಲ್ಲಿಸಿದರು. ಎರಡು ಸಾವಿರ ಡಾಲರ್ ಕೊಟ್ಟು ತಂದದ್ದು ಕೆಲಸಕ್ಕೆ ಬಾರದ ಹಾಗೆ ಆಯಿತು. ಕೆನಡಾದ ನಾರ್ತ್ ಕಂಪನಿಯನ್ನು 2020ರಲ್ಲಿ ಗೂಗಲ್ ಕೊಂಡಾಗ ಅವರ ಫೋಕಲ್ಸ್ ಕನ್ನಡಕಗಳೂ ಜುಲೈ ಕೊನೆಗೆ ಬಂದ್ ಆದವು. ಅವರು ಗಿರಾಕಿಗಳಿಗೆ ದುಡ್ಡು ವಾಪಸ್ ಕೊಡುತ್ತೇವೆ ಅಂತಾದರೂ ಅಂದರು. ನನಗೆ ಏನು ಬಂತು ಕೇಳಿ.

ಒಂದು ಬೆಳಿಗ್ಗೆ ಆ್ಯಪ್ ತೆರೆದರೆ ಬರೀ ಬಿಳಿ ಪರದೆ. ವೇಷವೂ ಇಲ್ಲ, ಚಂಡೆಯೂ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪಿಗೆ ಬಂದ ಉತ್ತರ: “ಸಾರ್, ಕಂಪನಿ ಪಿವಟ್ ಆಗಿದೆ. ನಾವೀಗ ಎಐ ಮಾಡ್ತಿದ್ದೇವೆ. ಹಳೇ ಕ್ಲೈಂಟ್‌ಗಳಿಗೆ ಚಾಟ್‌ಬಾಟ್ 30% ಡಿಸ್ಕೌಂಟ್‌ನಲ್ಲಿ ಇದೆ.”

ದುಡ್ಡು ವಾಪಸ್ ಕೊಡಿ ಅಂದೆ. “ಅದು ಆನ್‌ಬೋರ್ಡಿಂಗ್ ಫೀ ಸಾರ್, ನಾನ್ ರಿಫಂಡಬಲ್.” ಅಗ್ರಿಮೆಂಟ್ ತೆಗೆದು ನೋಡಿದರೆ ಹೌದು, ಸಣ್ಣ ಅಕ್ಷರದಲ್ಲಿ ಇದೆ. ತಕರಾರು ಇದ್ದರೆ ಬೆಂಗಳೂರಿನ ಕೋರ್ಟಿಗೆ ಬರಬೇಕು ಅಂತಲೂ ಇದೆ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಆ ಕಂಪನಿಯವರು ಇನ್ವೆಸ್ಟರ್‌ಗಳಿಗೆ ತೋರಿಸುವ ಸ್ಲೈಡುಗಳನ್ನು ತಾವೇ ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಂಡಿದ್ದರು. ತಂಗಿಯ ಮಗ ಕಳಿಸಿದ. ಅದರಲ್ಲಿ ಕರ್ನಾಟಕದ ನಕ್ಷೆ, ನಕ್ಷೆಯ ತುಂಬ ಚುಕ್ಕೆಗಳು, ಶಿರಸಿಯ ಚುಕ್ಕೆಯ ಪಕ್ಕ ನಮ್ಮ ಮನೆಯ ಫೋಟೊ! ‘ನಮ್ಮ ಸಂತುಷ್ಟ ಪಾಲುದಾರರು’ ಅಂತೆ. ಆ್ಯಪ್ ಸತ್ತು ತಿಂಗಳುಗಳಾಗಿತ್ತು. ಆಗ ಪೂರ್ತಿ ಹೊಳೆಯಿತು. ಅವರಿಗೆ ನಮ್ಮ ತೋಟದಲ್ಲಿ ವೇಷ ಕುಣಿಯುವುದು ಬೇಕಾಗಿರಲೇ ಇಲ್ಲ. ಮುಂದಿನ ಫಂಡಿಂಗ್ ಎತ್ತಲು ನಕ್ಷೆಯ ಮೇಲೆ ಒಂದು ಚುಕ್ಕೆ ಬೇಕಿತ್ತು. ಆ ಚುಕ್ಕೆಗೆ ಅವರು ನನಗೆ ದುಡ್ಡು ಕೊಡಬೇಕಿತ್ತು, ನನ್ನಿಂದಲೇ ಇಸಿದುಕೊಂಡರು! ಫೋಟೊ ತೆಗೆಯಿರಿ ಅಂದರೆ ಇವತ್ತಿನ ತನಕ ತೆಗೆದಿಲ್ಲ.

ಯಾರಾದರೂ ಬಂದರೆ ಹಾಲಿಗೆ ಹೋಗಬೇಡಿ, ನಿಮ್ಮ ತೋಟಕ್ಕೇ ಕರೆಯಿರಿ. ಮಟ ಮಟ ಮಧ್ಯಾಹ್ನ, ನಿಮ್ಮದೇ ಫೋನಿನಲ್ಲಿ, ನಿಮ್ಮದೇ ಸಿಗ್ನಲ್ಲಿನಲ್ಲಿ ತೋರಿಸಲಿ. ವಿಡಿಯೊ ತೋರಿಸಿದರೆ ಅದು ಫೋನಿನಲ್ಲೇ ತೆಗೆದದ್ದು ಅಂತ ಬರೆದು ಕೊಡಲು ಹೇಳಿ, ಮುಖ ನೋಡಿ. ಸರ್ವರ್ ನಿಂತರೆ ಏನು ಅಂತ ಅಗ್ರಿಮೆಂಟಿನಲ್ಲಿ ಹಾಕಿಸಿ. ಪೂರ್ತಿ ದುಡ್ಡು ಮುಂಚೆ ಕೊಡಬೇಡಿ. ಫಂಡಿಂಗ್ ಸುದ್ದಿ ಶುರು ಮಾಡಿದರೆ ಚಾ ಕುಡಿಸಿ ಕಳಿಸಿಬಿಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ವ್ಯಾಪಾರಕ್ಕೆ ಅಂತ ತೆಗೆದುಕೊಂಡ ಸೇವೆಗೆ ಗ್ರಾಹಕ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಆದರೆ ಸ್ವಂತ ದುಡಿದು ಹೊಟ್ಟೆಪಾಡಿಗೆ ಮಾಡುವವರಿಗೆ ವಿನಾಯಿತಿ ಇದೆ ಅಂತ ವಕೀಲರು ಹೇಳಿದ್ದಾರೆ. ಮನೆಯವರೇ ಅಡುಗೆ ಮಾಡಿ ಬಡಿಸುವ ನಮ್ಮಂಥ ಹೋಮ್‌ಸ್ಟೇ ಅದರಲ್ಲಿ ಬರುತ್ತದೆ ಅಂತ ವಾದ ಮಾಡಬಹುದಂತೆ. ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ತಯಾರಿಯಲ್ಲಿದ್ದೇನೆ.

ಈಗ ಅದೇ ಜನ ‘ಎಐ ಜೊತೆ ಎಆರ್’ ಅಂತ ಗೋಕರ್ಣ, ಕುಮಟಾ ಕಡೆ ಸುತ್ತುತ್ತಿದ್ದಾರೆ ಅಂತ ಸುದ್ದಿ ಇದೆ. ವಿಡಿಯೊ ಅದೇ, ತಿಮಿಂಗಿಲವೂ ಅದೇ. ಈಗಾಗಲೇ ಸಹಿ ಹಾಕಿದವರು ಯಾರಾದರೂ ಇದ್ದರೆ ಬಿಲ್ಲು, ಅಗ್ರಿಮೆಂಟು, ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡಿ, ನನಗೆ ತಿಳಿಸಿ. ನಾಚಿಕೆ ಅಂತ ಸುಮ್ಮನಿದ್ದರೆ ಅವರಿಗೇ ಲಾಭ. ಐದಾರು ಜನ ಒಟ್ಟಾದರೆ ಒಂದೇ ವಕೀಲರನ್ನು ಹಿಡಿದು ಕಾರವಾರಕ್ಕೆ ಹೋಗೋಣ, ಖರ್ಚೂ ಕಮ್ಮಿ ಬೀಳುತ್ತದೆ.