ಒಂದೇ ಎಂಜಿನ್, ಮೂರು ಡೀಸೆಲ್ ಫಿಲ್ಟರ್

ಹಾಯಿದೋಣಿಯ ಎಂಜಿನ್ ಶಾಂತ ನೀರಿನಲ್ಲಿ ಕೈಕೊಡುವುದು ಅಪರೂಪ. ಅಲೆ ಎದ್ದಾಗ, ಬಂದರಿನ ಬಾಯಲ್ಲಿ, ಎರಡೂ ಕಡೆ ಬಂಡೆ ಇರುವಾಗ ನಿಂತುಬಿಡುತ್ತದೆ. ಇದಕ್ಕೆ ಕಾರಣ ಇದೆ. ಟ್ಯಾಂಕಿನ ತಳದಲ್ಲಿ ತಿಂಗಳುಗಟ್ಟಲೆ ಸುಮ್ನೆ ಕೂತಿದ್ದ ಗಸಿ, ದೋಣಿ ಹೊಯ್ದಾಡಿದ ಕೂಡಲೇ ಕಲಕಿ ಮೇಲೇಳುತ್ತದೆ. ಅಷ್ಟೂ ಒಟ್ಟಿಗೆ ಫಿಲ್ಟರ್‌ಗೆ ಬಂದು ಮೆತ್ತಿಕೊಳ್ಳುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಹೊಯ್ದಾಟದಲ್ಲಿ ಇದನ್ನು ಎಷ್ಟು ಬೇಗ ಬದಲಾಯಿಸಬಹುದು?

ನನ್ನದು 30 ಅಶ್ವಶಕ್ತಿಯ, ಮೂರು ಸಿಲಿಂಡರಿನ ಎಂಜಿನ್. ಡೀಸೆಲ್ ಎಳೆಯಲು ಸಣ್ಣ ಲಿಫ್ಟ್ ಪಂಪ್, ಅದರ ಮುಂದೆ ಎಂಜಿನ್ ಮೇಲೆಯೇ ಕೂತ ಸಣ್ಣ ಫಿಲ್ಟರ್. ಅದನ್ನು ಮುಟ್ಟಿಲ್ಲ. ಟ್ಯಾಂಕ್ ಮತ್ತು ಪಂಪ್ ನಡುವೆ ಇರುವ ಮೊದಲ ಫಿಲ್ಟರ್ ಜಾಗದಲ್ಲಿ ಮಾತ್ರ ಒಂದಾದ ಮೇಲೊಂದು ಮೂರು ಮಾದರಿ ಹಾಕಿ ನೋಡಿದೆ.

ದೋಣಿಯ ಜೊತೆ ಬಂದಿದ್ದು ಹಳೇ ಸ್ಯಾಂಡ್‌ವಿಚ್ ಮಾದರಿ. ಮೇಲೆ ಲೋಹದ ತಲೆ, ನಡುವೆ ಫಿಲ್ಟರ್, ಕೆಳಗೆ ಗಾಜಿನ ಬಟ್ಟಲು, ಎಲ್ಲವನ್ನೂ ಹಿಡಿದಿಡಲು ಉದ್ದನೆಯ ಒಂದೇ ಬೋಲ್ಟ್. ಬಿಡಿಭಾಗ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಗಾಜಿನಲ್ಲಿ ನೀರು ಕಾಣುತ್ತದೆ. ಡೀಸೆಲ್‌ಗಿಂತ ನೀರು ಭಾರ, ಹಾಗಾಗಿ ತಳದಲ್ಲಿ ಬೇರೆಯಾಗಿ, ಮಧ್ಯೆ ಗೆರೆ ಎಳೆದ ಹಾಗೆ ನಿಲ್ಲುತ್ತದೆ. ಇಷ್ಟರ ಮಟ್ಟಿಗೆ ಒಳ್ಳೆಯದೇ.

ತಲೆನೋವು ಇರುವುದು ರಬ್ಬರ್ ರಿಂಗ್‌ಗಳಲ್ಲಿ. ಮೇಲೊಂದು, ಕೆಳಗೊಂದು, ಬೋಲ್ಟ್ ಸುತ್ತ ಚಿಕ್ಕದು. ಒಂದು ಸಲ ಫಿಲ್ಟರ್ ಬದಲಾಯಿಸಿ ಹೊರಟೆ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಸದ್ದು ಏರುಪೇರಾಗಿ, ಉಸಿರುಗಟ್ಟಿದ ಹಾಗೆ ನಿಂತಿತು. ಡೀಸೆಲ್ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದೆ, ಶುರುವಾಯಿತು, ಮತ್ತೆ ನಿಂತಿತು. ಎಲ್ಲೂ ಒಂದು ಹನಿ ಡೀಸೆಲ್ ಸೋರಿಲ್ಲ. ಸೋರುವುದೂ ಇಲ್ಲ, ಏಕೆಂದರೆ ಟ್ಯಾಂಕಿನ ಡೀಸೆಲ್ ಮಟ್ಟ ಫಿಲ್ಟರ್‌ಗಿಂತ ಕೆಳಗಿದ್ದಾಗ ಪಂಪಿಗಿಂತ ಹಿಂದಿನ ಪೈಪಿನಲ್ಲಿ ಇರುವುದು ಒತ್ತಡ ಅಲ್ಲ, ಎಳೆತ. ಸಂದು ಇದ್ದರೆ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಕೊನೆಗೆ ದಡದಲ್ಲಿ ಕಟ್ಟಿಕೊಂಡು, ಫಿಲ್ಟರ್ ಆದ ಮೇಲಿನ ಗೇಣುದ್ದ ಪೈಪ್ ತೆಗೆದು, ಪರೀಕ್ಷೆಗೆಂದು ಪಾರದರ್ಶಕ ಪೈಪ್ ಹಾಕಿದೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಬಿಚ್ಚಿದರೆ, ಮೇಲಿನ ತೋಡಿನಲ್ಲಿ ಹಳೇ ರಿಂಗ್ ಕಪ್ಪಗೆ ಅಂಟಿಕೊಂಡು ಹಾಗೇ ಕೂತಿತ್ತು. ಅದರ ಮೇಲೆ ನಾನು ಹೊಸದನ್ನು ಇಟ್ಟಿದ್ದೆ. ಟಾರ್ಚ್ ಹಿಡಿದು, ತಲೆ ಬಗ್ಗಿಸಿ ನೋಡದೆ ಅದು ಕಾಣುವುದೇ ಇಲ್ಲ.

ಎರಡನೆಯದು ಸ್ಪಿನ್-ಆನ್. ಆಯಿಲ್ ಫಿಲ್ಟರ್ ಹಾಗೆ ತಿರುಗಿಸಿ ತೆಗೆಯುವ ಡಬ್ಬಿ, ಅದರ ಕೆಳಗೆ ಪಾರದರ್ಶಕ ಬಟ್ಟಲು. ಗಾಳಿ ಎಳೆಯುವ ಸಂದು ತುಂಬಾ ಕಡಿಮೆ. ಎರಡು ಸೀಸನ್ ಒಂದೇ ಒಂದು ಸಲವೂ ಗಾಳಿಯ ತೊಂದರೆ ಕೊಡಲಿಲ್ಲ. ಇಕ್ಕಟ್ಟಾದ ಎಂಜಿನ್ ಗೂಡಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಬಟ್ಟಲನ್ನು ಹಳೇ ಡಬ್ಬಿಯಿಂದ ಬಿಡಿಸಿ ಹೊಸದಕ್ಕೆ ಹಾಕಬೇಕು. ಡೀಸೆಲ್ ಮೆತ್ತಿದ ಕೈ ಜಾರುತ್ತದೆ, ಒಂದು ಕೈ ಹೇಗೂ ದೋಣಿಯನ್ನು ಹಿಡಿದಿರಬೇಕು. ಪಟ್ಟಿ ಸ್ಪ್ಯಾನರ್ ಇಲ್ಲದೆ ಬಟ್ಟಲು ಅಲುಗುವುದಿಲ್ಲ. ಫಿಲ್ಟರ್ ಕಸದಿಂದ ಕಟ್ಟಿದಾಗ ಬದಲಾಯಿಸಲು ನನಗೆ ಹದಿನೈದು ನಿಮಿಷ ಹಿಡಿಯಿತು, ಅದೂ ಅಲೆ ಕಡಿಮೆ ಇದ್ದ ದಿನ.

ಈಗ ಇರುವುದು ರೇಕಾರ್ ಬ್ರ್ಯಾಂಡಿನ 500 ಟರ್ಬೈನ್ ಫಿಲ್ಟರ್. ಮುಚ್ಚಳದ ಮೇಲಿನ ಟಿ ಆಕಾರದ ಹಿಡಿ ತಿರುಗಿಸಿದರೆ ಸಾಕು, ಒಳಗಿನ ಕಾರ್ಟ್ರಿಜ್ (ಕಸ ಹಿಡಿಯುವ ಭಾಗ) ಮೇಲಿನಿಂದಲೇ ಎದ್ದು ಬರುತ್ತದೆ. ಹೊಸದನ್ನು ಇಳಿಸಿ, ಶುದ್ಧ ಡೀಸೆಲ್ ಅಂಚಿನವರೆಗೆ ತುಂಬಿ, ಹೊಸ ಗ್ಯಾಸ್ಕೆಟ್ ಇಟ್ಟು ಮುಚ್ಚಿದರೆ ಆಯ್ತು. ಸ್ಪ್ಯಾನರ್ ಬೇಡ. ಅಂಚಿನವರೆಗೆ ತುಂಬಿದ್ದರೆ ಬಹಳ ಸಲ ಗಾಳಿ ತೆಗೆಯುವ ಕೆಲಸವೂ ಬೇಕಾಗುವುದಿಲ್ಲ. ನನಗೆ ಮೂರು ನಿಮಿಷ. ಮುಚ್ಚಳದ ಗ್ಯಾಸ್ಕೆಟ್ ಜೊತೆ ಹಿಡಿಯ ಬುಡದ ಚಿಕ್ಕ ಓ-ರಿಂಗ್ ಕೂಡ ಬದಲಾಯಿಸಲೇಬೇಕು, ಅದನ್ನು ಮರೆಯುವವರೇ ಜಾಸ್ತಿ. ಟ್ಯಾಂಕಿನ ಮಟ್ಟಕ್ಕಿಂತ ಕೆಳಗೆ ಇದನ್ನು ಕೂರಿಸಿದ್ದರೆ ಮೊದಲು ವಾಲ್ವ್ ಮುಚ್ಚಿ, ಇಲ್ಲದಿದ್ದರೆ ಮುಚ್ಚಳ ತೆಗೆದ ಕೂಡಲೇ ಡೀಸೆಲ್ ಉಕ್ಕುತ್ತದೆ. ಎಂಜಿನ್ ಕೋಣೆಯಲ್ಲಿ ಇಡುವುದಾದರೆ ಬಟ್ಟಲಿನ ಕೆಳಗೆ ಲೋಹದ ಶಾಖ ತಡೆ ಇರುವುದನ್ನೇ ತಗೊಳ್ಳಿ. ಬೆಂಕಿ ಬಿದ್ದರೆ ಬರೀ ಪ್ಲಾಸ್ಟಿಕ್ ಬಟ್ಟಲು ಕರಗಿ, ಡೀಸೆಲ್ ಬೆಂಕಿಗೇ ಸುರಿಯುತ್ತದೆ.

ಗಂಟೆಗೆ 227 ಲೀಟರ್ ಹರಿವಿಗೆ ಮಾಡಿದ ಫಿಲ್ಟರ್ ಇದು. ನನ್ನ ಎಂಜಿನ್ ಸುಡುವುದು ಗಂಟೆಗೆ ಎರಡು-ಮೂರು ಲೀಟರ್. ಇಷ್ಟು ನಿಧಾನದ ಹರಿವಿಗೆ ನೀರನ್ನು ಸುತ್ತಿಸಿ ಹೊರಗೆಸೆಯುವ ಟರ್ಬೈನ್ ಗುಣ ಅಷ್ಟಾಗಿ ಕೆಲಸಕ್ಕೆ ಬರಲಾರದು. ಆದರೂ ದೊಡ್ಡ ಕಾರ್ಟ್ರಿಜ್ ಆದ್ದರಿಂದ ಕಸ ಹಿಡಿಯುವ ಜಾಗ ಜಾಸ್ತಿ, ಕಟ್ಟಿಕೊಳ್ಳುವುದು ತಡ.

ಕಾರ್ಟ್ರಿಜ್‌ಗಳಲ್ಲಿ ಕಂದು ಬಣ್ಣದ್ದು 2 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ; ಸಂಖ್ಯೆ ಚಿಕ್ಕದಾದಷ್ಟೂ ಸಣ್ಣ ಕಸವನ್ನೂ ಹಿಡಿಯುತ್ತದೆ), ನೀಲಿ 10, ಕೆಂಪು 30. ಮೂರನ್ನೂ ಓಡಿಸಿದ್ದೇನೆ. ಕೆಂಪು ಹಾಕಿದಾಗ ಎಂಜಿನ್ ಮೇಲಿನ ಫಿಲ್ಟರ್ ಬೇಗ ಕಪ್ಪಾಯಿತು. ಬದಲಾಯಿಸಲು, ಗಾಳಿ ತೆಗೆಯಲು ಅತಿ ಕಷ್ಟದ ಜಾಗ ಅದೇ ಅಲ್ವಾ? ಕಂದು ಹಾಕಿದಾಗ ಅದು ಹೊಸದರಂತೆ ಉಳಿಯಿತು, ಆದರೆ ಮೊದಲ ಫಿಲ್ಟರ್ ಪದೇ ಪದೇ ಕಟ್ಟಿತು. ಬದಲಾಯಿಸಲು ಸುಲಭವಾದ ಕಡೆಯೇ ಕಸವೆಲ್ಲ ನಿಲ್ಲಲಿ ಎಂದು 2 ಮೈಕ್ರಾನ್ ಹಾಕುವವರಿದ್ದಾರೆ, ಅವರ ಮಾತಿನಲ್ಲಿ ಅರ್ಥ ಇದೆ. ನಾನು ನೀಲಿಗೆ ನಿಂತಿದ್ದೇನೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ತಂದಿದ್ದು ಮುಚ್ಚಳದ ಮೇಲೆ ಹಾಕಿದ ವ್ಯಾಕ್ಯೂಮ್ ಗೇಜ್, ಅಂದರೆ ಪಂಪಿನ ಎಳೆತ ಎಷ್ಟಿದೆ ಎಂದು ತೋರಿಸುವ ಮಾಪಕ. ಹೊಸ ಕಾರ್ಟ್ರಿಜ್ ಇದ್ದಾಗ ಮುಳ್ಳು ಸೊನ್ನೆಯ ಹತ್ತಿರ ಇರುತ್ತದೆ. ಕಟ್ಟುತ್ತಾ ಹೋದ ಹಾಗೆ ಏರುತ್ತದೆ. ಪಾದರಸದ ಅಳತೆಯಲ್ಲಿ 5 ಇಂಚು ದಾಟಿದರೆ ನಾನು ಬದಲಾಯಿಸುತ್ತೇನೆ, ಎಂಜಿನ್ ಏದುಸಿರು ಬಿಡುವವರೆಗೆ ಕಾಯುವುದಿಲ್ಲ. ಮುಳ್ಳು ತಟ್ಟನೆ ಏರಿದರೆ ಟ್ಯಾಂಕಿನಲ್ಲಿ ಏನೋ ಆಗಿದೆ ಎಂದರ್ಥ.

ಹೋದ ಸೀಸನ್ ಹಾಗೇ ಆಯಿತು. ತೆಗೆದ ಕಾರ್ಟ್ರಿಜ್ ಮೇಲೆ ಕಪ್ಪು ಲೋಳೆ, ಬೆರಳಲ್ಲಿ ಎತ್ತಿದರೆ ಎಳೆ ಎಳೆಯಾಗಿ ಬರುತ್ತಿತ್ತು. ಡೀಸೆಲ್ ಮತ್ತು ನೀರು ಸೇರುವ ಗೆರೆಯಲ್ಲಿ ಬೆಳೆಯುವ ಬೂಷ್ಟು, ಬ್ಯಾಕ್ಟೀರಿಯಾಗಳ ಕೆಲಸ ಅದು. ಯಾವ ಫಿಲ್ಟರ್ ಇದ್ದರೂ ಇದಕ್ಕೆ ಮದ್ದಲ್ಲ. ಟ್ಯಾಂಕ್ ತೆರೆದು, ತಳದ ನೀರು ಹೀರಿ ತೆಗೆದು, ಗೋಡೆ ಉಜ್ಜಿ, ಆಮೇಲೆ ಬಯೋಸೈಡ್ (ಇಂಥ ಜೀವಿಗಳನ್ನು ಕೊಲ್ಲುವ ರಾಸಾಯನಿಕ) ಹಾಕಿದೆ. ತೊಳೆಯದೆ ಬಯೋಸೈಡ್ ಸುರಿದರೆ ಸತ್ತ ಲೋಳೆಯೆಲ್ಲ ಕಳಚಿಕೊಂಡು ನೇರ ಫಿಲ್ಟರ್‌ಗೇ ಬರುತ್ತದೆ. ತೊಳೆದ ಮೇಲೂ ಮೊದಲ ಎರಡು ಕಾರ್ಟ್ರಿಜ್ ಬೇಗ ಹೋದವು. ಮೂರನೆಯದು ಈಗಲೂ ಓಡುತ್ತಿದೆ, ಮುಳ್ಳು ಇನ್ನೂ 1 ದಾಟಿಲ್ಲ.