ಭಯಕ್ಕೆ ಯಾವ ಜಾಗ? ತೊಟ್ಟಿಮನೆ, ಆಲೆಮನೆ, ಕಬ್ಬಿನ ಗದ್ದೆ

ಕಾಲೇಜಿನ ಹಾರರ್ ಕಿರುಚಿತ್ರಕ್ಕೆ ಒಂದು ನಿಮಿಷದೊಳಗಿನ ಟೀಸರ್ ಮಾಡಲು ಹೊರಟಾಗ ನಮ್ಮ ತಂಡದಲ್ಲಿ ಕಥೆಯ ಬಗ್ಗೆ ತಕರಾರಿರಲಿಲ್ಲ, ಜಾಗದ ಬಗ್ಗೆ ಇತ್ತು. ಮೈಸೂರಿನ ಗೆಳೆಯರಿಗೆ ಅಗ್ರಹಾರದ ಹಳೆಯ ತೊಟ್ಟಿಮನೆಯೇ ಬೇಕು. ಮಂಡ್ಯದಿಂದ ರೈಲಿನಲ್ಲಿ ಓಡಾಡುವ ನಮಗೆ ಆಲೆಮನೆ, ಕಬ್ಬಿನ ಗದ್ದೆ ಕಣ್ಣೆದುರಿಗೇ ಇದ್ದವು. ವಾದ ಮುಗಿಯುವಂತೆ ಕಾಣದ್ದರಿಂದ ಮೂರೂ ಕಡೆ ಒಂದೇ ದೃಶ್ಯ ತೆಗೆದೆವು: ಹುಡುಗಿಯೊಬ್ಬಳು ನಡೆಯುತ್ತಾಳೆ, ನಿಲ್ಲುತ್ತಾಳೆ, ತಿರುಗಿ ನೋಡುತ್ತಾಳೆ. ಕ್ಯಾಮೆರಾ ಎಲ್ಲ ಕಡೆಯೂ ಅದೇ ಮೊಬೈಲ್.

ತೊಟ್ಟಿಮನೆಯಲ್ಲಿ ಅರ್ಧ ಕೆಲಸ ಮೊದಲೇ ಆಗಿರುತ್ತದೆ. ಮರದ ಕಂಬ, ಅಟ್ಟದ ಕತ್ತಲು, ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು, ಯಾವುದನ್ನೂ ಹೊಸದಾಗಿ ಕಟ್ಟಬೇಕಿಲ್ಲ. ತೊಂದರೆಯೂ ಅಲ್ಲೇ. ಬಾಗಿಲು ಕಿರ್ರೆಂದೊಡನೆ ಮುಂದೇನು ಎಂಬುದು ನೋಡುವವನಿಗೆ ಗೊತ್ತಾಗಿಬಿಡುತ್ತದೆ. ಹಗಲಿನಲ್ಲಿ ತೊಟ್ಟಿಗೆ ಬೀಳುವ ಬಿಸಿಲಿಗೂ ಪಡಸಾಲೆಯ ನೆರಳಿಗೂ ಹೊಂದಿಕೆಯೇ ಇಲ್ಲ; ಒಂದು ಸರಿ ಕಂಡರೆ ಇನ್ನೊಂದು ಕೆಡುತ್ತದೆ. ರಾತ್ರಿ ಹಳೆಯ ಟ್ಯೂಬ್‌ಲೈಟ್ ಚಿತ್ರದಲ್ಲಿ ಪಟಪಟನೆ ಮಿನುಗಿತು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಶಟರ್ ವೇಗವನ್ನು, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತನ್ನು, ಸೆಕೆಂಡಿನ 1/50ಕ್ಕೆ ಕಟ್ಟಿಹಾಕಿದ ಮೇಲೆ ಅದು ನಿಂತಿತು. ಬೀದಿಯ ಹಾರ್ನ್ ಮಾತ್ರ ನಿಲ್ಲಲಿಲ್ಲ. ಜೊತೆಗೆ ಮನೆಯ ಅಜ್ಜಿ, ದೀಪ ಹಚ್ಚುವ ಹೊತ್ತಿನಲ್ಲಿ ದೆವ್ವದ ಮಾತು ಬೇಡ ಕಣ್ರಪ್ಪ ಎಂದರು. ಅವರ ಮನೆ, ಅವರ ಮಾತು.

ಮೂರರಲ್ಲಿ ಆಲೆಮನೆಯ ಚಿತ್ರಗಳೇ ಹೆಚ್ಚು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಒಲೆಯ ಬೆಂಕಿಯೇ ದೀಪ, ಕೊಪ್ಪರಿಗೆಯ ಹಬೆಯೇ ಮಂಜು. ಹಬೆಯ ಹಿಂದೆ ನಿಂತವರ ಮುಖ ಒಮ್ಮೆ ಕೆಂಪಾಗಿ ತೋರಿ ಮರುಕ್ಷಣ ಕರಗುತ್ತಿತ್ತು. ಆದರೆ ಗಾಣದ ಮೋಟಾರಿನ ಸದ್ದಿನಲ್ಲಿ ಬೇರೇನೂ ಕೇಳಿಸದು. ಅಲ್ಲಿ ಧ್ವನಿ ಹಿಡಿಯುವ ಆಸೆಯನ್ನೇ ಬಿಡಬೇಕು. ಹದಕ್ಕೆ ಬಂದ ಪಾಕ ನೂರು ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಅದರ ಪಕ್ಕದಲ್ಲಿ ನಟಿಯನ್ನು ಹಿಂದಕ್ಕೆ ನಡೆಸುವುದು ಸಾಹಸವಲ್ಲ, ಮೂರ್ಖತನ. ಎಲ್ಲಕ್ಕಿಂತ ಮುಖ್ಯವಾಗಿ, ತುಣುಕನ್ನು ನೋಡಿದ ಸಹಪಾಠಿಗಳು ಹೆದರಲಿಲ್ಲ, ಬಿಸಿ ಬೆಲ್ಲ ತಂದಿದ್ದೀರಾ ಎಂದು ಕೇಳಿದರು.

ಉಳಿದದ್ದು ಕಬ್ಬಿನ ಗದ್ದೆ. ನನ್ನ ಮತ ಅದಕ್ಕೇ. ಆಳೆತ್ತರ ಮೀರಿದ ಕಬ್ಬಿನ ಸಾಲಿನೊಳಗೆ ನಾಲ್ಕು ಹೆಜ್ಜೆ ಇಟ್ಟರೆ ದಾರಿ ಕಾಣದು. ಒಣಗಿದ ತರಗು ಗಾಳಿಯಿಲ್ಲದಿದ್ದರೂ ಎಲ್ಲೋ ಒಂದು ಕಡೆ ಸರಸರ ಎನ್ನುತ್ತದೆ. ಸದ್ದಿದೆ, ಸದ್ದು ಮಾಡಿದವರು ಕಾಣುವುದಿಲ್ಲ. ಟೀಸರ್‌ಗೆ ಬೇಕಾದದ್ದು ಅದೇ. ಮಂಡ್ಯ ಸೀಮೆಯವರಿಗಂತೂ ಆ ಸದ್ದು ಬರೀ ಕಲ್ಪನೆಯಲ್ಲ, ಕಬ್ಬಿನೊಳಗೆ ಚಿರತೆ ಮರಿ ಹಾಕಿದ ಸುದ್ದಿಯನ್ನು ಎಲ್ಲರೂ ಓದಿದವರೇ.

ಅದೇ ಕಾರಣಕ್ಕೆ ರಾತ್ರಿ ಅಲ್ಲಿಗೆ ಹೋಗುವುದು ಬೇಡವೆಂದಾಯಿತು. ಹಗಲಿನಲ್ಲೇ ತೆಗೆದು ರಾತ್ರಿಯಂತೆ ತೋರಿಸುವ ಹಳೆಯ ಉಪಾಯ ಹಿಡಿದೆವು: ಬೆಳಕನ್ನು ಎರಡು ಸ್ಟಾಪ್‌ನಷ್ಟು, ಅಂದರೆ ಕಾಲುಭಾಗಕ್ಕೆ, ಇಳಿಸುವುದು, ಬಣ್ಣದ ಹದವಾದ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಇಟ್ಟು ಚಿತ್ರವನ್ನು ನೀಲಿಗೆ ತಿರುಗಿಸುವುದು. ಈ ಉಪಾಯದ ಗುಟ್ಟು ರಟ್ಟಾಗುವುದು ಸಾಮಾನ್ಯವಾಗಿ ಆಕಾಶದಿಂದ. ಕಬ್ಬಿನ ಸಾಲಿನೊಳಗೆ ಕ್ಯಾಮೆರಾವನ್ನು ಸ್ವಲ್ಪ ಬಗ್ಗಿಸಿದರೆ ಆಕಾಶವೇ ಇಲ್ಲ. ನಿಜವಾದ ಕತ್ತಲಲ್ಲಿ ಮೊಬೈಲ್ ತಾನಾಗಿಯೇ ಬೆಳಕು ಹೆಚ್ಚಿಸಲು ಹೋಗಿ ಕಾಳು ಕಾಳಾದ ಚಿತ್ರ ಕೊಟ್ಟಿತ್ತು. ಇಲ್ಲಿ ಎಲೆಯ ಅಂಚು ಕೂಡ ಚೂಪಾಗಿ ಬಂತು. ಆ ಅಂಚು ಕೈಯನ್ನೂ ಕೊಯ್ಯುತ್ತದೆ, ತುಂಬು ತೋಳಿನ ಅಂಗಿ ಮರೆಯಬಾರದು.

ಯೋಜನೆ ಹಾಕುವುದರಲ್ಲೂ ಎರಡು ಪಕ್ಷವಿತ್ತು. ಒಬ್ಬ ಗೆಳತಿ ಪ್ರತಿ ಶಾಟನ್ನೂ ಒಂದೊಂದು ಚೌಕದಲ್ಲಿ ಚಿತ್ರಿಸುವ ಸ್ಟೋರಿಬೋರ್ಡ್ ಬರೆದಳು, ಇನ್ನೊಬ್ಬ ಚಿತ್ರಕ್ಕೆ ಮೊದಲು ಬರೀ ಧ್ವನಿಯನ್ನು ಆಡಾಸಿಟಿ ಎಂಬ ಧ್ವನಿ ಸಂಕಲನದ ತಂತ್ರಾಂಶದಲ್ಲಿ ಜೋಡಿಸಿದ. ಚೌಕಗಳಲ್ಲಿ ಬರೆಯುವಾಗ ಪ್ರತಿ ಚೌಕವೂ ಏನಾದರೊಂದನ್ನು ಕೇಳುತ್ತದೆ. ಹಾಗಾಗಿ ಮೂರನೆಯ ಪುಟಕ್ಕೇ ದೆವ್ವದ ಮುಖ ಬಂದು ಕೂತಿತ್ತು. ಧ್ವನಿಯ ಪಟ್ಟಿಯಲ್ಲಿ ಮಾತ್ರ ಎಲ್ಲಿ ಉಸಿರು, ಎಲ್ಲಿ ತರಗಿನ ಸದ್ದು, ಎಲ್ಲಿ ಏನೂ ಇಲ್ಲ ಎಂಬುದು ಮೊದಲೇ ನಿಗದಿಯಾಯಿತು. ಆ ‘ಏನೂ ಇಲ್ಲ’ದ ಜಾಗವೇ ನೋಡಿದವರನ್ನು ಕುರ್ಚಿಯ ತುದಿಗೆ ತಂದದ್ದು. ಹಾಗೆಂದು ಸ್ಟೋರಿಬೋರ್ಡ್ ದಂಡವಲ್ಲ. ಎಡದಿಂದ ಬಲಕ್ಕೆ ಹೋದವಳು ಮುಂದಿನ ಶಾಟಿನಲ್ಲಿ ಬಲದಿಂದ ಎಡಕ್ಕೆ ನಡೆದರೆ ವಾಪಸು ಬರುತ್ತಿರುವಂತೆ ಕಾಣುತ್ತದೆ; ಅದನ್ನು ಹಿಡಿದದ್ದು ಆ ಚೌಕಗಳೇ. ತರಗಿನ ಸದ್ದನ್ನು ಗದ್ದೆಯಲ್ಲಿ ಹಿಡಿದರೆ ಮೈಕಿಗೆ ಗಾಳಿ ಹೊಡೆಯುತ್ತದೆ. ಒಂದು ಚೀಲ ತರಗು ಮನೆಗೆ ತಂದು, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಅಲ್ಲಾಡಿಸುವುದು ವಾಸಿ.

ಒಳ್ಳೆಯ ಕ್ಯಾಮೆರಾ ಬಾಡಿಗೆಗೆ ತರಬೇಕೇ ಎಂದು ಕೇಳುವವರಿಗೆ: ಬೇಡ. ಆ ಹಣದಲ್ಲಿ ಟ್ರೈಪಾಡ್ ಮತ್ತು ಮೈಕು ತನ್ನಿ.

ಗದ್ದೆ ಆರಿಸಿಕೊಂಡರೆ ಮಾಲೀಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಅನುಮತಿಯದಾದರೆ, ಎರಡನೆಯದು ಕಟಾವು ಯಾವಾಗ ಎಂಬುದು. ಕಾರ್ಖಾನೆಯಿಂದ ಕಟಾವಿಗೆ ಕರೆ ಬಂದರೆ ಅವರು ನಿಮ್ಮ ಶಾಟಿಗಾಗಿ ಕಾಯುವುದಿಲ್ಲ, ಕಡಿದ ಬುಡದಿಂದ ಚಿಗುರುವ ಕೂಳೆ ಬೆಳೆ ಮತ್ತೆ ಆಳೆತ್ತರಕ್ಕೆ ಬರಲು ತಿಂಗಳುಗಳೇ ಬೇಕು.